ದೇಶವಿಲ್ಲದವರ ಬಳಗ

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮಡಿಕೇರಿ ಕಡೆಯ ಬಸ್ಸು ಹತ್ತುವವರ ನಡುವೆ ಮರೂನ್ ಬಟ್ಟೆಯ ಟಿಬೆಟನ್ ಭಿಕ್ಷುಗಳು ಕಾಣದ ದಿನ ಕಡಿಮೆ. ವಿಜಯನಗರ, ದೀಪಾಂಜಲಿನಗರದ ಜನಕ್ಕೆ ಈ ನೋಟ ಎಷ್ಟು ರೂಢಿಯೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಕಂಡಕ್ಟರ್ ಕನ್ನಡದಲ್ಲೇ ಊರು ಕೇಳುತ್ತಾರೆ, ಉತ್ತರವೂ ಎಷ್ಟೋ ಸಲ ಕನ್ನಡದಲ್ಲೇ ಬರುತ್ತದೆ. ಬಸ್ಸು ಕೆಂಗೇರಿ ದಾಟಿ, ಮೈಸೂರು, ಹುಣಸೂರು, ಪಿರಿಯಾಪಟ್ಟಣ ಹಾದು, ಕಾವೇರಿಯ ಸೇತುವೆಗಿಂತ ಸ್ವಲ್ಪ ಮೊದಲು ಅವರನ್ನು ಬೈಲಕುಪ್ಪೆಯಲ್ಲಿ ಇಳಿಸುತ್ತದೆ.

ಅವರಲ್ಲಿ ಹಲವರ ಚೀಲದಲ್ಲಿ ಒಂದು ಪುಸ್ತಕ ಇರುತ್ತದೆ. ಅದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಎಲ್ಲರ ಬಾಯಲ್ಲೂ 'ಆರ್‌ಸಿ'. ಅವಧಿ ಮುಗಿದಂತೆಲ್ಲ ನವೀಕರಿಸಿಕೊಳ್ಳಬೇಕು. ಬೈಲಕುಪ್ಪೆಯ ಕ್ಯಾಂಪಿನಲ್ಲೇ ಹುಟ್ಟಿ, ಕುಶಾಲನಗರದ ಸಂತೆಯಲ್ಲಿ ತರಕಾರಿ ಕೊಂಡು ಬೆಳೆದವರೂ ಕಾಗದದ ಲೆಕ್ಕದಲ್ಲಿ ವಿದೇಶಿಯರೇ. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಗುರುತಿನ ಪ್ರಮಾಣಪತ್ರ. ಭಾರತ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿಲ್ಲ, ಹಾಗಾಗಿ ನಿರಾಶ್ರಿತರೆಂಬ ಕಾನೂನಿನ ಸ್ಥಾನವೂ ಅವರಿಗಿಲ್ಲ. ಧರ್ಮಶಾಲೆಯಲ್ಲಿರುವ ಅವರ ಆಡಳಿತವನ್ನು ಸರ್ಕಾರವೆಂದು ಒಪ್ಪಿಕೊಂಡ ದೇಶ ಜಗತ್ತಿನಲ್ಲಿ ಒಂದೂ ಇಲ್ಲ.

ಹೀಗಿದ್ದೂ ಟಿಬೆಟನ್ನರು ಆರು ದಶಕಗಳಿಂದ ತಮ್ಮ ಶಾಲೆ ನಡೆಸುತ್ತಿದ್ದಾರೆ, ಚುನಾವಣೆ ಮಾಡುತ್ತಿದ್ದಾರೆ, ತಮ್ಮವರಿಂದ ವಂತಿಗೆ ಎತ್ತುತ್ತಿದ್ದಾರೆ. ತಮ್ಮಂತೆಯೇ ದೇಶವಿಲ್ಲದ ಬೇರೆ ಜನರನ್ನು ಒಟ್ಟುಗೂಡಿಸುವ ಕೆಲಸದಲ್ಲೂ ಮುಂದೆ ನಿಂತಿದ್ದಾರೆ. ಇದು ಹೇಗೆ ಸಾಧ್ಯವಾಯಿತು ಎಂದು ಹುಡುಕುತ್ತ ಹೋದರೆ ಉತ್ತರದ ದೊಡ್ಡ ಪಾಲು ಕರ್ನಾಟಕದ ಮಣ್ಣಿನಲ್ಲೇ ಸಿಗುತ್ತದೆ. ಈ ಕಥೆಯನ್ನು ನಾವು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಪ್ರವಾಸದ ಫೋಟೊಗಳಿಗೆ ಇಳಿಸಿಬಿಟ್ಟಿರುವುದು ನನಗೆ ಬೇಸರದ ಸಂಗತಿ.

ಲ್ಹಾಸಾದಿಂದ ತಪ್ಪಿಸಿಕೊಂಡ ದಲೈ ಲಾಮಾ ಭಾರತದ ಗಡಿ ದಾಟಿದ್ದು 1959ರ ಮಾರ್ಚ್ 31ರಂದು. ಹಿಂದೆಯೇ ಸಾವಿರಾರು ಜನ ಬಂದರು. ಅಸ್ಸಾಮಿನ ಮಿಸಾಮಾರಿಯ ಬಿದಿರಿನ ಶಿಬಿರಗಳಲ್ಲಿ ಸೆಕೆಗೆ, ಕಾಯಿಲೆಗೆ ಎಷ್ಟೋ ಮಂದಿ ಸತ್ತರು. ಉಳಿದವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಚ್ಚಲಾಯಿತು. ರಸ್ತೆ ಮುಂದೆ ಸಾಗಿದ ಹಾಗೆಲ್ಲ ಜನರೂ ಗುಂಪು ಗುಂಪಾಗಿ ಚದುರತೊಡಗಿದರು. ಇವರನ್ನು ಒಂದೆಡೆ ನೆಲೆಗೊಳಿಸಲು ಜಮೀನು ಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮಟ್ಟದಲ್ಲಿ ಮುಂದೆ ಬಂದದ್ದು ಮೈಸೂರು ರಾಜ್ಯ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು ಸಿಕ್ಕಿತು. 1960ರ ಕೊನೆಗೆ ಮೊದಲ ತಂಡಗಳು ಡೇರೆ ಹಾಕಿದವು.

ಟಿಬೆಟನ್ನರು ಈ ಉಪಕಾರವನ್ನು ಎಸ್. ನಿಜಲಿಂಗಪ್ಪನವರ ಹೆಸರಿನಲ್ಲಿ ನೆನೆಯುತ್ತಾರೆ. ದಲೈ ಲಾಮಾ ಕೂಡ ಸಾರ್ವಜನಿಕ ಸಭೆಗಳಲ್ಲಿ ಅವರ ಹೆಸರು ಹೇಳಿದ್ದಾರೆ. ರಾಜಾಜಿನಗರದಲ್ಲಿ ನಿಜಲಿಂಗಪ್ಪನವರ ಹೆಸರಿನ ಕಾಲೇಜಿನ ಮುಂದೆ ದಿನವೂ ಓಡಾಡುವ ಎಷ್ಟು ಮಂದಿಗೆ ಈ ನಂಟು ಗೊತ್ತೋ ಕಾಣೆ. ಚರಿತ್ರೆಯ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು: ಬೈಲಕುಪ್ಪೆಗೆ ಮೊದಲ ತಂಡ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. 1962ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ನಿಜಲಿಂಗಪ್ಪನವರು ಆ ಕೆಲಸವನ್ನು ಬೆಳೆಸಿದರು. 1966ರಲ್ಲಿ ಮುಂಡಗೋಡು ತೆರೆದದ್ದು ಅವರ ಕಾಲದಲ್ಲಿ. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯ. ಒಬ್ಬ ನಾಯಕನ ಔದಾರ್ಯಕ್ಕಿಂತ ಇದು ಒಂದು ಸರ್ಕಾರದಿಂದ ಇನ್ನೊಂದಕ್ಕೆ ಕೈ ಬದಲಾದರೂ ತಪ್ಪದ ನಡೆಯಾಯಿತು ಎಂಬುದೇ ನನಗೆ ಹೆಚ್ಚಿನದಾಗಿ ಕಾಣುತ್ತದೆ.

ಆ ರಾಜ್ಯ ತಾನೇ ಆಗಷ್ಟೇ ಕೂಡಿಕೊಂಡಿತ್ತು ಎಂಬುದನ್ನೂ ನೆನೆಯಬೇಕು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದಾದರು. ಮುಂಡಗೋಡು ಅಲ್ಲಿಯವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಭಾಷೆ ಒಂದಾದರೂ ಆಡಳಿತ ಹಲವಾದರೆ ಜನ ಏನಾಗುತ್ತಾರೆ ಎಂಬುದನ್ನು ಕಂಡಿದ್ದ ತಲೆಮಾರು ಅದು. ಸಾಹಿತ್ಯ ಪರಿಷತ್ತು, ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಸಂಸ್ಥೆಗಳು ರಾಜ್ಯ ಹುಟ್ಟುವುದಕ್ಕೆ ದಶಕಗಳ ಮೊದಲೇ ಕನ್ನಡಿಗರನ್ನು ಹೆಣೆದು ಹಿಡಿದಿದ್ದವು. ನಮ್ಮ ಏಕೀಕರಣವನ್ನೂ ಟಿಬೆಟನ್ನರ ಪಾಡನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ನಮಗೆ ದೇಶವಿತ್ತು, ಮತವಿತ್ತು. ಆದರೆ ಗಡಿಗಿಂತ ಮೊದಲು ಸಂಸ್ಥೆ ಬೇಕು ಎಂಬ ಅನುಭವ ಇಬ್ಬರದೂ.

ಬೈಲಕುಪ್ಪೆಯ ಮೊದಲ ವರ್ಷಗಳು ಕಠಿಣ. ಎತ್ತರದ ಚಳಿಯಲ್ಲಿ ಯಾಕ್ ಮೇಯಿಸಿ, ಬಾರ್ಲಿ ಬೆಳೆದು ಗೊತ್ತಿದ್ದವರು ಕಾಡು ಕಡಿದು, ಆನೆ ಕಾದು, ಮುಂಗಾರನ್ನು ನಂಬಿ ಮೆಕ್ಕೆಜೋಳ ಬಿತ್ತುವುದನ್ನು ಕಲಿಯಬೇಕಾಯಿತು. ಇಲ್ಲಿ ಎರಡು ತೀರ್ಮಾನಗಳು ಮುಂದಿನದನ್ನೆಲ್ಲ ನಿರ್ಧರಿಸಿದವು ಎನಿಸುತ್ತದೆ. ಒಂದು, ಕುಟುಂಬಗಳನ್ನು ಅಲ್ಲಲ್ಲಿ ಚದುರಿಸದೆ ಕ್ಯಾಂಪು ಕ್ಯಾಂಪಾಗಿ ಒಟ್ಟಿಗೆ ಇರಿಸಿದ್ದು. ಇನ್ನೊಂದು, ಶಾಲೆಯನ್ನು ಅವರ ಭಾಷೆಯ ಜೊತೆಗೆ ನಡೆಸಿದ್ದು. ಕೇಂದ್ರ ಸರ್ಕಾರ 1961ರಲ್ಲೇ ಟಿಬೆಟನ್ ಶಾಲೆಗಳಿಗೆಂದು ಪ್ರತ್ಯೇಕ ಆಡಳಿತ ಮಂಡಳಿ ಮಾಡಿತು. ಅದಕ್ಕೂ ಮೊದಲು, 1960ರ ಮೇ ತಿಂಗಳಲ್ಲಿ, ರಸ್ತೆ ಕೆಲಸದ ಶಿಬಿರಗಳಿಂದ ಬಳಲಿ ಬಂದ 51 ಮಕ್ಕಳನ್ನು ಧರ್ಮಶಾಲೆಯಲ್ಲಿ ಇರಿಸಿಕೊಂಡು ಶುರುವಾದದ್ದು ಟಿಬೆಟನ್ ಮಕ್ಕಳ ಗ್ರಾಮ. ಕೆಂಗೇರಿಯಿಂದ ಮುಂದೆ, ಬಿಡದಿಗೆ ಮೊದಲು ಶೇಷಗಿರಿಹಳ್ಳಿಯಲ್ಲಿರುವ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆ ಅದೇ ಮಕ್ಕಳ ಗ್ರಾಮದವರು ಕಟ್ಟಿದ್ದು. ವಂಡರ್‌ಲಾಗೆ ಹೋಗುವ ಬೆಂಗಳೂರಿಗರು ಅದರ ಆಸುಪಾಸಿನಲ್ಲೇ ಹಾದುಹೋಗುತ್ತಾರೆ.

ಮಠಗಳ ಕಥೆಯೂ ಇದರೊಳಗೇ ಬರುತ್ತದೆ. ಪಾರಾಗಿ ಬಂದ ಭಿಕ್ಷುಗಳನ್ನು ಮೊದಲು ಇರಿಸಿದ್ದು ಬಂಗಾಳದ ಬಕ್ಸಾ ಕೋಟೆಯಲ್ಲಿ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜೈಲು ಅದು. ಕ್ಷಯ ಹಿಡಿದು ಹಲವರು ಅಲ್ಲೇ ತೀರಿಕೊಂಡರು. 1970ರ ಸುಮಾರಿಗೆ ಉಳಿದವರು ದಕ್ಷಿಣಕ್ಕೆ ಬಂದರು: ಸೆರಾದವರು ಬೈಲಕುಪ್ಪೆಗೆ, ದ್ರೆಪುಂಗ್ ಮತ್ತು ಗಾದೆನ್‌ನವರು ಮುಂಡಗೋಡಿಗೆ. ಲ್ಹಾಸಾದ ಮೂರು ಮಹಾವಿಹಾರಗಳೂ ಹೀಗೆ ಕನ್ನಡನಾಡಿನಲ್ಲಿ ಮರುಹುಟ್ಟು ಪಡೆದವು. ಶಿಗಾತ್ಸೆಯ ತಶಿಲ್ಹುಂಪೋ ಕೂಡ ಬೈಲಕುಪ್ಪೆಯಲ್ಲಿ ಎದ್ದಿತು. 2025ರ ಜನವರಿ 7ರಂದು ಟಿಬೆಟಿನ ದಿಂಗ್ರಿಯಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ದಿಂಗ್ರಿ ಇರುವುದು ಅದೇ ಶಿಗಾತ್ಸೆ ಸೀಮೆಯಲ್ಲಿ. ಆ ದಿನಗಳಲ್ಲಿ ದಲೈ ಲಾಮಾ ಬೈಲಕುಪ್ಪೆಯ ತಶಿಲ್ಹುಂಪೋದಲ್ಲೇ ತಂಗಿದ್ದರು, ಸತ್ತವರಿಗಾಗಿ ಪ್ರಾರ್ಥನೆ ಅಲ್ಲೇ ನಡೆಯಿತು. ಊರಿಗೆ ಹೋಗಲಾರದವರ ಶೋಕಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಒಂದು ಜಾಗವಿತ್ತು.

ದುಡ್ಡಿನ ವ್ಯವಸ್ಥೆ ಬೇರೆಯದೇ ಬಗೆಯದು. ಮಳೆಗಾಲದ ಬೇಸಾಯ ಮುಗಿದರೆ ಚಳಿಗಾಲದಲ್ಲಿ ಕೈಗೆ ಕೆಲಸವಿಲ್ಲ. ಆಗ ಸ್ವೆಟರ್ ವ್ಯಾಪಾರ ಹೊಳೆಯಿತು. ಬೆಂಗಳೂರಿನ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಮಕ್ಕಳ ಮೊದಲ ಸ್ವೆಟರ್ ಬಂದದ್ದು ಟಿಬೆಟಿನವರ ಅಂಗಡಿಸಾಲಿನಿಂದ. ಈ ಮಾಲು ಬರುವುದು ಲೂಧಿಯಾನದಿಂದ, ಅದೂ ಬಹುಪಾಲು ಸಾಲದ ಮೇಲೆ. ಪಂಜಾಬಿನ ಉಣ್ಣೆ ವ್ಯಾಪಾರಿಗಳು ಸೀಸನ್ ಮುಗಿದ ಮೇಲೆ ದುಡ್ಡು ಕೊಡಿ ಎಂದು ಮಾಲು ಕಳಿಸುತ್ತಾರೆ. ಟಿಬೆಟನ್ ವ್ಯಾಪಾರಿಗಳ ಸಂಘ ತನ್ನವರ ಪರವಾಗಿ ಮಾತುಕತೆ ನಡೆಸುತ್ತದೆ. ಪೌರತ್ವವಿಲ್ಲ, ಅಡವಿಡಲು ಸ್ವಂತ ಜಮೀನಿಲ್ಲ. ಬ್ಯಾಂಕು ಹಿಂದೆಗೆಯುವ ಕಡೆ ಸಂಘದ ಮಾತೇ ಜಾಮೀನು.

ಇನ್ನು ವಂತಿಗೆ. 1972ರಿಂದ ಹೊರನಾಡಿನ ಟಿಬೆಟನ್ನರು ವರ್ಷಕ್ಕೊಮ್ಮೆ ತಮ್ಮ ಆಡಳಿತಕ್ಕೆ ಸ್ವಇಚ್ಛೆಯಿಂದ ಹಣ ಕೊಡುತ್ತಾರೆ. ಹಸಿರು ರಟ್ಟಿನ ಪುಟ್ಟ ಪುಸ್ತಕದಲ್ಲಿ ಅದರ ಮುದ್ರೆ ಬೀಳುತ್ತದೆ. ಕಟ್ಟದಿದ್ದರೆ ಯಾರೂ ಜೈಲಿಗೆ ಹಾಕುವುದಿಲ್ಲ, ಹಾಕಲು ಜೈಲೂ ಇಲ್ಲ. ಆದರೆ ಆ ಪುಸ್ತಕವಿದ್ದರೆ ತಮ್ಮ ಸಂಸತ್ತಿಗೂ ತಮ್ಮ ಮುಖ್ಯಸ್ಥನ ಆಯ್ಕೆಗೂ ಮತ ಹಾಕಬಹುದು. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟರು. 2021ರಲ್ಲಿ ಮುಖ್ಯಸ್ಥರಾಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು 1967ರಲ್ಲಿ, ನಮ್ಮ ಬೈಲಕುಪ್ಪೆಯಲ್ಲಿ. ಜಗತ್ತು ಮಾನ್ಯ ಮಾಡದ ಒಂದು ಸರ್ಕಾರದ ಚುನಾಯಿತ ಮುಖ್ಯಸ್ಥ ಮೈಸೂರು ಜಿಲ್ಲೆಯ ಕೂಸು ಎಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು.

ಇಲ್ಲಿಯವರೆಗೆ ಹೇಳಿದ್ದು ಒಂದೇ ಜನಾಂಗದೊಳಗಿನ ಆಸರೆ. ಈ ಹೆಣಿಗೆ ಹೊರಗೂ ಚಾಚಿತು. ಅದರ ಒಂದು ಎಳೆ ಮುಂಡಗೋಡಿನಿಂದ ರಷ್ಯಾದ ಹುಲ್ಲುಗಾವಲಿಗೆ ಹೋಗುತ್ತದೆ.

ಕ್ಯಾಸ್ಪಿಯನ್ ಸಮುದ್ರದ ಪಕ್ಕದ ಕಲ್ಮೀಕಿಯಾ ಬೌದ್ಧರ ನಾಡು. 1943ರ ಡಿಸೆಂಬರಿನಲ್ಲಿ ಸ್ಟಾಲಿನ್ ಇಡೀ ಕಲ್ಮೀಕ್ ಜನರನ್ನು ದನದ ವ್ಯಾಗನ್ನುಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದ. ಅವರ ಗಣರಾಜ್ಯದ ಹೆಸರೇ ನಕ್ಷೆಯಿಂದ ಅಳಿಯಿತು. ಅವರಿಗೆ ಊರಿಗೆ ಮರಳಲು ಅನುಮತಿ ಸಿಕ್ಕಿದ್ದು ಸ್ಟಾಲಿನ್ ಸತ್ತು ಕೆಲವು ವರ್ಷಗಳಾದ ಮೇಲೆ. ಅಷ್ಟರಲ್ಲಿ ಮಠಗಳೂ ಇರಲಿಲ್ಲ, ಕಲಿಸುವ ಗುರುಗಳೂ ಇರಲಿಲ್ಲ. ಯುದ್ಧದ ಗಲಿಬಿಲಿಯಲ್ಲಿ ಯುರೋಪಿಗೆ ತಪ್ಪಿಸಿಕೊಂಡಿದ್ದ ಕೆಲವು ಕಲ್ಮೀಕ್ ಕುಟುಂಬಗಳು ಆಮೇಲೆ ಅಮೆರಿಕ ಸೇರಿದವು. ಅಂಥ ಒಂದು ಮನೆಯಲ್ಲಿ 1972ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಹುಡುಗನನ್ನು ಎಳೆಯ ವಯಸ್ಸಿನಲ್ಲೇ ಓದಲು ಕಳಿಸಿದ್ದು ಮುಂಡಗೋಡಿನ ದ್ರೆಪುಂಗ್ ಗೋಮಾಂಗ್ ಮಠಕ್ಕೆ. ಅವರೇ ತೆಲೋ ತುಲ್ಕು ರಿನ್ಪೋಚೆ. ಸೋವಿಯತ್ ಒಕ್ಕೂಟ ಬಿದ್ದ ಮರುವರ್ಷ, 1992ರಲ್ಲಿ, ಅವರು ಕಲ್ಮೀಕಿಯಾದ ಪ್ರಧಾನ ಲಾಮಾ ಆದರು. 2005ರಲ್ಲಿ ರಾಜಧಾನಿ ಎಲಿಸ್ತಾದಲ್ಲಿ ದೊಡ್ಡ ಬುದ್ಧ ಮಂದಿರ ಎದ್ದಿತು. 2022ರಲ್ಲಿ ಉಕ್ರೇನ್ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ ರಷ್ಯಾ ಅವರನ್ನು 'ವಿದೇಶಿ ಏಜೆಂಟ್' ಪಟ್ಟಿಗೆ ಸೇರಿಸಿತು, ಅವರು ಆ ಸ್ಥಾನದಿಂದ ಇಳಿದರು.

ಗೋಮಾಂಗ್ ಮಠಕ್ಕೆ ಕಲ್ಮೀಕ್, ಬುರ್ಯಾತ್, ತೂವಾ, ಮಂಗೋಲ್ ವಿದ್ಯಾರ್ಥಿಗಳು ಬರುವುದು ಲ್ಹಾಸಾದ ಕಾಲದಿಂದ ಬಂದ ಸಂಪ್ರದಾಯ. ಮಠ ಉತ್ತರ ಕನ್ನಡಕ್ಕೆ ಬಂದಾಗ ಆ ದಾರಿಯೂ ಇಲ್ಲಿಗೇ ತಿರುಗಿತು. ತಮ್ಮದೇ ನೆಲ ಕಳೆದುಕೊಂಡಿದ್ದವರು, ಗುರುಗಳನ್ನು ಕಳೆದುಕೊಂಡಿದ್ದ ಇನ್ನೊಂದು ಜನಕ್ಕೆ ಗುರುಗಳನ್ನು ತಯಾರು ಮಾಡಿ ಕಳಿಸಿದರು. ಇದಕ್ಕೆ ಯಾವ ಒಪ್ಪಂದವೂ ಇರಲಿಲ್ಲ, ಧ್ವಜಾರೋಹಣವೂ ಇರಲಿಲ್ಲ. ಪಾಠ, ಊಟ, ವಸತಿ ಇಷ್ಟೇ. ಮಾನ್ಯತೆಯಿಲ್ಲದ ಜನಾಂಗಗಳು ಒಂದಕ್ಕೊಂದು ಹೇಗೆ ನೆರವಾಗಬಲ್ಲವು ಎಂದು ಕೇಳಿದರೆ ನಾನು ಮೊದಲು ಕೊಡುವ ಉದಾಹರಣೆ ಇದು.

ಧ್ವಜಗಳಿರುವ ವೇದಿಕೆಯೂ ಒಂದಿದೆ. 1991ರ ಫೆಬ್ರುವರಿ 11ರಂದು ನೆದರ್ಲೆಂಡ್ಸಿನ ಹೇಗ್ ನಗರದ ಶಾಂತಿ ಅರಮನೆಯಲ್ಲಿ 'ಪ್ರಾತಿನಿಧ್ಯವಿಲ್ಲದ ರಾಷ್ಟ್ರಗಳ ಮತ್ತು ಜನಾಂಗಗಳ ಸಂಘಟನೆ' ಹುಟ್ಟಿತು. ಯುಎನ್‌ಪಿಒ ಎಂದು ಅದನ್ನು ಕರೆಯುತ್ತಾರೆ. ಅದೇ ಕಟ್ಟಡದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವಿದೆ. ಅಲ್ಲಿ ಮೊಕದ್ದಮೆ ಹೂಡಲು ಸಾಧ್ಯವಿರುವುದು ಮಾನ್ಯತೆ ಪಡೆದ ದೇಶಗಳಿಗೆ ಮಾತ್ರ. ಆ ಬಾಗಿಲು ಮುಚ್ಚಿದ್ದವರೇ ಸೇರಿ ಇನ್ನೊಂದು ಬಾಗಿಲು ತೆರೆದರು. ಕಟ್ಟಿದವರಲ್ಲಿ ಟಿಬೆಟಿನ ಲೋದಿ ಗ್ಯಾರಿ, ಪೂರ್ವ ತುರ್ಕಿಸ್ತಾನದ ಎರ್ಕಿನ್ ಅಲ್ಪ್‌ತೆಕಿನ್, ಎಸ್ಟೋನಿಯಾದ ಲಿನಾರ್ಟ್ ಮಾಲ್ ಇದ್ದರು. ಮಾಲ್ ಬೌದ್ಧ ಗ್ರಂಥಗಳ ವಿದ್ವಾಂಸ. ಸೋವಿಯತ್ ಆಳ್ವಿಕೆಯಲ್ಲಿ ಕುಳಿತು ಸಂಸ್ಕೃತ, ಟಿಬೆಟನ್ ಓದಿದವರು. ದಲೈ ಲಾಮಾ ಅವರ ಕಾನೂನು ಸಲಹೆಗಾರರಾಗಿದ್ದ ಮೈಕೆಲ್ ವಾನ್ ವಾಲ್ಟ್ ಮೊದಲ ಪ್ರಧಾನ ಕಾರ್ಯದರ್ಶಿ. ಅಹಿಂಸೆಯನ್ನು ಒಪ್ಪಿದವರಿಗಷ್ಟೇ ಸದಸ್ಯತ್ವ ಎಂಬುದು ನಿಯಮ.

ಮೊದಲ ಸದಸ್ಯರಲ್ಲಿದ್ದ ಎಸ್ಟೋನಿಯಾ, ಲಾಟ್ವಿಯಾ ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಸೇರಿದವು. ಅರ್ಮೇನಿಯಾ, ಜಾರ್ಜಿಯಾ 1992ರಲ್ಲಿ, ಪಲಾವ್ 1994ರಲ್ಲಿ, ಪೂರ್ವ ತಿಮೋರ್ 2002ರಲ್ಲಿ. ನಿನ್ನೆ ಪಕ್ಕದಲ್ಲಿ ಕೂತಿದ್ದವರಿಗೆ ದೇಶ ಸಿಕ್ಕಿದ್ದು ಉಳಿದವರಿಗೆ ಭರವಸೆ ಕೊಟ್ಟಿತು. ಹೊಸದಾಗಿ ದೇಶ ಪಡೆದ ಇವರಲ್ಲಿ ಯಾರೂ ಟಿಬೆಟಿಗೆ ಮಾನ್ಯತೆ ಕೊಡಲಿಲ್ಲ ಎಂಬುದೂ ಅಷ್ಟೇ ನಿಜ. ಸಣ್ಣ ದೇಶಕ್ಕೆ ಚೀನಾದ ಭಯ, ವ್ಯಾಪಾರದ ಆಸೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಇಂಥ ವೇದಿಕೆಗಳಿಂದ ಏನು ನಿರೀಕ್ಷಿಸಬಹುದು, ಏನು ನಿರೀಕ್ಷಿಸಬಾರದು ಎಂಬುದನ್ನು ಈ ಅನುಭವ ಹೇಳುತ್ತದೆ. ವಿಶ್ವಸಂಸ್ಥೆಯ ಸಮಿತಿಯ ಮುಂದೆ ಅಹವಾಲು ಬರೆಯುವುದು ಹೇಗೆ, ಜಿನೀವಾದಲ್ಲಿ ಯಾರನ್ನು ಕಾಣಬೇಕು ಎಂಬ ವಿದ್ಯೆ ಅಲ್ಲಿ ಸಿಗುತ್ತದೆ. ಅನ್ನ ಮತ್ತು ನೆಲ ಸಿಗುವುದು ನೆರೆಹೊರೆಯಲ್ಲಿ.

ನೆರೆಹೊರೆಯ ಮಾತು ಬಂದಾಗ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನೆನಪಾಗುತ್ತಾರೆ. ರಾಮಮನೋಹರ ಲೋಹಿಯಾರ ಶಿಷ್ಯರಾಗಿ ಟಿಬೆಟಿನ ಪರ ನಿಂತ ಅವರು ದೆಹಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಬಂಗಲೆಯಲ್ಲಿ ಬರ್ಮಾದ ಸೇನಾಡಳಿತದಿಂದ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳಿಗೆ ಜಾಗ ಕೊಟ್ಟಿದ್ದರು. ಟಿಬೆಟನ್ನರೂ ಬರ್ಮೀಯರೂ ಒಂದೇ ಅಂಗಳದಲ್ಲಿ ಸೇರುತ್ತಿದ್ದ ಮನೆ ಅದು.

ಕೊಟ್ಟದ್ದು ನಾವು, ಪಡೆದದ್ದು ಅವರು ಎಂದುಕೊಂಡರೆ ಕಥೆ ಅರ್ಧವಾಗುತ್ತದೆ. 1968ರಲ್ಲಿ ಟಿಬೆಟನ್ನರ ಪುನರ್ವಸತಿಗೆಂದೇ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು, ಹೆಸರು ಮೈರಾಡ. ಪೂರ್ತಿ ಹೆಸರಿನಲ್ಲಿ ಮೈಸೂರು, ಪುನರ್ವಸತಿ, ಅಭಿವೃದ್ಧಿ ಮೂರೂ ಇವೆ. ಆ ಕೆಲಸ ಮುಗಿಯುತ್ತ ಬಂದಾಗ ಸಂಸ್ಥೆ ನಮ್ಮ ಹಳ್ಳಿಗಳ ಬಡವರತ್ತ ತಿರುಗಿತು. 1984–85ರ ಹೊತ್ತಿಗೆ ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯಿದ್ದವರು ಸಣ್ಣ ಸಣ್ಣ ಗುಂಪುಗಳಾದರು. ಅವರೇ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಟ್ಟುಕೊಂಡರು. ನಬಾರ್ಡ್ 1987ರಲ್ಲಿ ಈ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ದೇಶಮಟ್ಟದಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುವಾಯಿತು. ಇವತ್ತು ಕೆಂಗೇರಿ ಹೋಬಳಿಯ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರು ವಾರದ ಹಣ ಎಣಿಸುವ ಪದ್ಧತಿಯ ಬೇರುಗಳಲ್ಲಿ ಒಂದು, ದೇಶ ಕಳೆದುಕೊಂಡವರಿಗೆಂದು ಕಟ್ಟಿದ ಸಂಸ್ಥೆಯವರೆಗೂ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಟಿಬೆಟನ್ನರ ಕಥೆಗೆ ತೀರ ವಿರುದ್ಧವಾದ ಇನ್ನೊಂದು ಪ್ರಕರಣವಿದೆ. ಅದನ್ನು ಪಕ್ಕದಲ್ಲಿಟ್ಟು ನೋಡದೆ ಈ ವಿಷಯ ತಿಳಿಯುವುದಿಲ್ಲ. ಬ್ರಿಟಿಷರು ಸಿಲೋನಿನ ಚಹಾ ತೋಟಗಳಿಗೆ ಕರೆದೊಯ್ದ ತಮಿಳು ಕೂಲಿಗಳ ಮಕ್ಕಳು, ಮೊಮ್ಮಕ್ಕಳು 1948ರ ಸಿಲೋನ್ ಪೌರತ್ವ ಕಾಯ್ದೆಯಿಂದ ಒಂದೇ ಏಟಿಗೆ ದೇಶವಿಲ್ಲದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿಕೆಯಾಯಿತು. ಉಳಿದ 1,50,000 ಜನರ ವಿಷಯ ಮುಂದಕ್ಕೆ ಹೋಯಿತು. ಸ್ವತಃ ಆ ಜನರನ್ನು ಯಾರೂ ಕೇಳಲಿಲ್ಲ. ಹೀಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದವು.

ಇವರಿಗೆ ಸಿಕ್ಕಿದ್ದು ಭಾರತದ ಪೌರತ್ವ. ಟಿಬೆಟನ್ನರಿಗೆ ಇಲ್ಲದ್ದು ಅದೇ. ಸಿಗದೇ ಹೋದದ್ದು ಟಿಬೆಟನ್ನರಿಗೆ ದಕ್ಕಿದ್ದು: ಸಮುದಾಯದ ಕೈಯಲ್ಲಿ ಭೂಮಿ, ತಮ್ಮದೇ ಶಾಲೆ, ತಮ್ಮ ಮಾತು ಆಡುವ ಸಂಸ್ಥೆ. ಮನೆ ಎಂದರೆ ನಿಗಮದ ಕ್ವಾರ್ಟರ್ಸು, ಬದುಕು ಎಂದರೆ ಮುಂಜಾನೆಯ ಟ್ಯಾಪಿಂಗ್. ಕೆಲಸ ಮುಗಿದರೆ ಸೂರಿನ ಚಿಂತೆ. ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಾಟ. ದಲೈ ಲಾಮಾರಂಥ ಹೆಸರು ಅವರ ಬೆನ್ನಿಗಿರಲಿಲ್ಲ. ಹೇಗ್‌ನಲ್ಲಿ ಕುರ್ಚಿಯೂ ಇಲ್ಲ, ಯುರೋಪಿನ ದಾನಿಗಳೂ ಇಲ್ಲ. ಹಾಗಾಗಿ ಪೌರತ್ವ ಕೊಟ್ಟರೆ ಎಲ್ಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಕಾಗದವಿಲ್ಲದೆ ಬಳಗವಿದ್ದವರು ಬೈಲಕುಪ್ಪೆಯಲ್ಲಿ ಒಂದು ನಾಡನ್ನೇ ಕಟ್ಟಿಕೊಂಡರು. ಬಳಗವಿಲ್ಲದೆ ಕಾಗದ ಪಡೆದವರು ಸುಳ್ಯದಲ್ಲಿ ಇನ್ನೂ ತಹಶೀಲ್ದಾರರ ಕಚೇರಿಗೆ ಎಡತಾಕುತ್ತಿದ್ದಾರೆ.

ಹಾಗೆಂದು ಟಿಬೆಟನ್ನರ ಬಳಗ ಗಟ್ಟಿಯಾಗಿಯೇ ಉಳಿಯುತ್ತದೆ ಎಂದೇನೂ ಇಲ್ಲ. 2009ರಲ್ಲಿ ಅವರದೇ ಆಡಳಿತ ನಡೆಸಿದ ಗಣತಿಯಲ್ಲಿ ಭಾರತದಲ್ಲಿ ಸುಮಾರು 94,000 ಟಿಬೆಟನ್ನರಿದ್ದರು. ಆಮೇಲೆ ಯುವಕರು ಕೆನಡಾ, ಅಮೆರಿಕ, ಯುರೋಪಿನ ದಾರಿ ಹಿಡಿದರು. ಟಿಬೆಟಿನಲ್ಲಿ ನಡೆದ 2008ರ ಪ್ರತಿಭಟನೆಗಳ ನಂತರ ಚೀನಾ ಗಡಿ ಬಿಗಿ ಮಾಡಿದ್ದರಿಂದ ಅತ್ತಲಿಂದ ಬರುವವರು ಬಹುತೇಕ ನಿಂತೇಹೋದರು. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿ ಕೆಲವು ಶಾಲೆಗಳನ್ನು ಒಂದಕ್ಕೊಂದು ಸೇರಿಸಬೇಕಾಗಿದೆ. 2025ರ ಜುಲೈಯಲ್ಲಿ ತೊಂಬತ್ತು ತುಂಬಿದ ದಲೈ ಲಾಮಾ ತಮ್ಮ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಹೊಣೆ ತಮ್ಮ ಗಾದೆನ್ ಫೊದ್ರಂಗ್ ಟ್ರಸ್ಟಿನದು ಎಂದು ಹೇಳಿದರು. ಬೀಜಿಂಗ್ ಅದನ್ನು ಒಪ್ಪುವುದಿಲ್ಲ. ಆ ಜಗಳ ಬಂದಾಗ ಬೈಲಕುಪ್ಪೆ, ಮುಂಡಗೋಡಿನ ಮಠಗಳು ಯಾರನ್ನು ಮಾನ್ಯ ಮಾಡುತ್ತವೆ ಎಂಬುದು ಜಗತ್ತಿನ ಸುದ್ದಿಯಾಗಲಿದೆ.

ನಮ್ಮ ಪಾಲಿಗೆ ಉಳಿದಿರುವ ಕೆಲಸ ಅಷ್ಟು ದೊಡ್ಡದಲ್ಲ, ಆದರೆ ತುರ್ತಿನದು. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ತಂದಿತು. ವಸತಿಗಳ ಭೂಮಿಗೆ 20 ವರ್ಷಗಳ ಲಿಖಿತ ಗುತ್ತಿಗೆ, ಕೇಂದ್ರ ಮತ್ತು ರಾಜ್ಯಗಳ ಕಲ್ಯಾಣ ಯೋಜನೆಗಳ ಲಾಭ ಅದರಲ್ಲಿವೆ. ಜಾರಿ ಮಾಡಬೇಕಾದ್ದು ರಾಜ್ಯಗಳು. ಅರವತ್ತು ವರ್ಷಗಳ ಹಿಂದೆ ಕಾಡು ಕೊಟ್ಟ ರಾಜ್ಯ ಅದರ ಕಾಗದಪತ್ರವನ್ನು ಒಂದೂ ಬಿಡದಂತೆ ಪೂರ್ತಿ ಮಾಡಿಕೊಡಬೇಕು ಎಂದು ನಾನು ನಂಬುತ್ತೇನೆ. ಸುಳ್ಯದವರಿಗೂ ಇದೇ ಮಾತು ಸಲ್ಲುತ್ತದೆ. ಅವರಿಗೆ ಸ್ವಂತ ನಿವೇಶನ, ಮಕ್ಕಳಿಗೆ ಪ್ರಮಾಣಪತ್ರ ಕೊಡಲು ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.

ಪೌರತ್ವದ ಪ್ರಶ್ನೆ ಮಾತ್ರ ಟಿಬೆಟನ್ನರ ಒಳಗೇ ಇಬ್ಭಾಗವಾಗಿದೆ. 1950ರ ಜನವರಿ 26ರಂದು ಅಥವಾ ಆಮೇಲೆ, ಆದರೆ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಯಾರೇ ಆದರೂ ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಕಾನೂನು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟವು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಆದರೆ ಪಾಸ್‌ಪೋರ್ಟ್ ಬೇಕೆಂದರೆ ಆರ್‌ಸಿಯನ್ನೂ ಹಳದಿ ಪುಸ್ತಕವನ್ನೂ ಹಿಂದಿರುಗಿಸಬೇಕು. ಕೆಲವರು ಅದನ್ನು ಹೋರಾಟ ಬಿಟ್ಟುಕೊಟ್ಟಂತೆ ಎಂದು ನೋಡುತ್ತಾರೆ. ಇನ್ನು ಕೆಲವರು ಪಾಸ್‌ಪೋರ್ಟ್ ಹಿಡಿದು ಹೆಚ್ಚು ದೂರ ಹೋಗಿ ಹೆಚ್ಚು ಗಟ್ಟಿಯಾಗಿ ಮಾತಾಡಬಹುದು ಎನ್ನುತ್ತಾರೆ. ಎರಡೂ ಮಾತಿನಲ್ಲಿ ಪ್ರಾಮಾಣಿಕತೆ ಇದೆ. ಆಯ್ಕೆ ಅವರದೇ ಆಗಬೇಕು, ಕಚೇರಿಯ ವಿಳಂಬ ಅವರ ಪರವಾಗಿ ಆಯ್ಕೆ ಮಾಡಬಾರದು. ಇಂದು ಶೇಷಗಿರಿಹಳ್ಳಿಯ ಆ ಕಾಲೇಜಿನಲ್ಲಿ ಪದವಿ ಓದುವ ವಯಸ್ಸಿನವರು ಹುಟ್ಟಿದ್ದು 1987ರ ಗಡುವು ಕಳೆದು ಎಷ್ಟೋ ವರ್ಷಗಳ ಮೇಲೆ. ಅವರಿಗೆ ಈ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದು ತಂದೆ ತಾಯಿ ಯಾವ ವರ್ಷ, ಎಲ್ಲಿ ಹುಟ್ಟಿದರು ಎಂಬುದರ ಮೇಲೆ ನಿಂತಿದೆ; ಅಂದರೆ ಎಷ್ಟೋ ಮಂದಿಯ ವಿಷಯದಲ್ಲಿ ಪಿರಿಯಾಪಟ್ಟಣವೋ ಮುಂಡಗೋಡೋ ತಾಲ್ಲೂಕಿನ ಹಳೆಯ ಜನನ ದಾಖಲೆಯ ಒಂದು ಸಾಲಿನ ಮೇಲೆ.